ಹಿಮದ ಬಣ್ಣ ಓದುವ ಎರ್ಮೆಲಿಂಡಾ

ಬೆಳಗಿನ ನಾಲ್ಕು ಗಂಟೆ. ಡಿಸೆಂಬರ್ ಬಿಸಿಲು ಆಗಲೇ ಏರಿದೆ. ಎರ್ಮೆಲಿಂಡಾ ಒಯಾರ್ಸೊ ಪಶ್ಚಿಮದ ದಿಬ್ಬದಲ್ಲಿ ಮಂಡಿಯೂರಿ ಪೆಂಗ್ವಿನ್ ಗೂಡುಗಳನ್ನು ಎಣಿಸುತ್ತಿದ್ದಾರೆ. ಗೂಡಿಗೊಂದು ಸಲ ಕೈಯಲ್ಲಿನ ಯಂತ್ರ ಟಿಕ್ ಎನ್ನುತ್ತದೆ. ಮೂರು ಸಲ ಎಣಿಸಬೇಕು. ಮೂರೂ ಹೊಂದದಿದ್ದರೆ ಮತ್ತೆ ಮೊದಲಿನಿಂದ. ಇಂದಿನ ಲೆಕ್ಕ 2,140. ಆದರೂ ಕೂತಲ್ಲಿ ಕೂರಲಾಗುತ್ತಿಲ್ಲ ಅವರಿಗೆ. ಕಣ್ಣು ಪದೇ ಪದೇ ಪೂರ್ವದ ಇಳಿಜಾರಿನತ್ತ ಓಡುತ್ತದೆ.

ಚಿಲೋಯೆ ದ್ವೀಪದ ಈ ಐವತ್ತಾರರ ಹೆಂಗಸು ಅಂಟಾರ್ಕ್ಟಿಕಾದ ನಮ್ಮ ಚಿಲಿ ನೆಲೆಗೆ ಬಂದದ್ದು ಪಾತ್ರೆ ತೊಳೆಯಲು. ಎಣಿಸುವವನು ಕಾಲು ಮುರಿದುಕೊಂಡ ವರ್ಷ, ಬೇರೆ ಯಾರೂ ಇಲ್ಲವೆಂದು ಇವರನ್ನು ಗುಡ್ಡ ಹತ್ತಿಸಿದರು. ಅದಾಗಿ ಹತ್ತೊಂಬತ್ತು ಬೇಸಿಗೆ. ಚಳಿಗೆ ಎರಡು ಬೆರಳ ತುದಿ ಹೋಗಿವೆ. ಯಾವ ವರದಿಯಲ್ಲೂ ಅವರ ಹೆಸರಿಲ್ಲ. ರೇಡಿಯೋ ಕೋಣೆಯಲ್ಲಿ ಕೂತು ಆ ವರದಿಗಳನ್ನು ಕಳಿಸುವ ನನಗೆ ಪ್ರತಿ ವರ್ಷ ಸಿಟ್ಟು ಬರುತ್ತದೆ. ಅವರಿಗೆ ಅದರ ಗೊಡವೆಯೇ ಇಲ್ಲ.

"ನಾನು ಹಿಮದ ಬಣ್ಣ ನೋಡ್ತೀನಿ. ಹಿಕ್ಕೆ ಗುಲಾಬಿ ಇದ್ರೆ ಸಿಗಡಿ ಸಿಕ್ಕಿದೆ ಅಂತ. ಬಿಳಿ ಇದ್ರೆ ಮೀನು. ಹಸಿರಾದ್ರೆ ಹೊಟ್ಟೆ ಖಾಲಿ," ಎನ್ನುತ್ತಾರೆ.

ಅವರ ಮೊದಲ ವರ್ಷ ಪೂರ್ವದಲ್ಲಿ 612 ಗೂಡುಗಳಿದ್ದವು. ಹೋದ ವರ್ಷ 38, ಸುತ್ತಲೂ ಹಸಿರು ಕಲೆ. ಈ ಸಲ ಒಂದೂ ಇಲ್ಲ ಎನ್ನುತ್ತಾರೆ ಅವರು. ಆದರೆ ಉಪಗ್ರಹದ ಚಿತ್ರದಲ್ಲಿ ಇಳಿಜಾರು ಕೆಂಪಗಿದೆ. ಅದು ಹಿಕ್ಕೆಯೇ, ಹಕ್ಕಿಗಳು ಮರಳಿವೆ ಎಂದು ವಿಜ್ಞಾನಿ ಬಾಲ್ತಸಾರ್ ಬರೆದಾಗಿದೆ. ಹಾಗೆಂದು ವರದಿ ಹೋದರೆ ಸಿಗಡಿ ಹಿಡಿಯುವ ಹಡಗುಗಳಿಗೆ ಈ ಕೊಲ್ಲಿ ಮತ್ತೆ ತೆರೆಯುತ್ತದೆ. ಉಳಿದ ಹಕ್ಕಿಗಳ ಬಾಯಿಗೂ ಮಣ್ಣು ಬೀಳುತ್ತದೆ. ವರದಿ ಇವತ್ತೇ ಹೊರಡಬೇಕು.

ತಿಂಡಿಯ ಮೇಜಿನಲ್ಲೇ ಜಗಳ.

"ಚಿತ್ರ ಸುಳ್ಳು ಹೇಳತ್ತಾ ಚಿಕ್ಕಮ್ಮ?" ಎಂದು ಬಾಲ್ತಸಾರ್ ನಗುತ್ತಾನೆ.

"ಚಿತ್ರಕ್ಕೆ ಮೂಗಿಲ್ಲ ಕಣೋ. ನಿಂಗಿದ್ಯಲ್ಲ, ಹೊತ್ಕೊಂಡು ಬಾ."

ಬ್ರೆಡ್ಡು ಅರ್ಧಕ್ಕೇ ಬಿಟ್ಟು ಇಬ್ಬರೂ ಹೊರಡುತ್ತಾರೆ, ಹಿಂದೆ ನಾನು. ಎರಡು ಗಂಟೆ ಪೂರ್ವದ ಇಳಿಜಾರು ಹತ್ತಿದ ಮೇಲೆ ಬಾಲ್ತಸಾರ್ ಬಗ್ಗಿ ಒಂದು ಹಿಡಿ ಕೆಂಪು ಹಿಮ ಮೂಸುತ್ತಾನೆ. ಹಿಕ್ಕೆಯ ನಾತವಿಲ್ಲ, ತೆಳುವಾಗಿ ಕಲ್ಲಂಗಡಿಯ ವಾಸನೆ. ಹಿಮ ಕರಗುವ ಕಡೆ ಬೆಳೆಯುವ ಕೆಂಪು ಪಾಚಿ ಅದು. ಹಕ್ಕಿಗಳು ಗೂಡಿಗೆ ಜೋಡಿಸಿದ್ದ ಹಳೆಯ ಕಲ್ಲುಗಳು ಹಾಗೇ ಬಿದ್ದಿವೆ. ಅವನು ಜೇಬಿನಿಂದ ಟಿಪ್ಪಣಿ ಪುಸ್ತಕ ತೆಗೆಯುತ್ತಾನೆ.

"ಬರ್ಕೋ, ಸೊನ್ನೆ," ಎನ್ನುತ್ತಾರೆ ಎರ್ಮೆಲಿಂಡಾ.

ಸಂಜೆ ತಿದ್ದಿದ ವರದಿ ಕಳಿಸುವವನು ನಾನೇ. "ಗೆದ್ರಲ್ಲಾ ಅಕ್ಕ," ಎನ್ನುತ್ತೇನೆ. ಅವರು ಬೂಟು ಕೂಡ ಬಿಚ್ಚದೆ ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತಲೇ ಇದ್ದಾರೆ.

"ಗೆಲ್ಲೋದೇನು ಬಂತು. ನಂದೇ ತಪ್ಪಾಗಿದ್ರೆ ಎಷ್ಟೋ ಚೆನ್ನಾಗಿತ್ತು. ಮುಂದಿನ ವರ್ಷ ಅಲ್ಲಿಗೆ ಹೋದಾಗ ಹಿಕ್ಕೆ ನಾತಕ್ಕೆ ಮೂಗು ಮುಚ್ಕೊಳ್ಳೋ ಹಾಗಾಗ್ಲಿ, ಅಷ್ಟು ಸಾಕು."