ಉಡಿ ತುಂಬಿಸಿಕೊಂಡು ಓಡಿದ ಕಸ್ತೂರಿ ಅಕ್ಕೋರು

ಕಸ್ತೂರಿ ಅಕ್ಕೋರು ಓಡಿದ್ದನ್ನು ಜಲನಗರದಲ್ಲಿ ಯಾರೂ ನೋಡಿರಲಿಲ್ಲ. ಸಿಟಿ ಬಸ್ಸು ಹೊರಟು ನಿಂತಿದ್ದರೂ ಅವರು ಛತ್ರಿ ಹಿಡಿದು ತಮ್ಮ ಗತ್ತಿನಲ್ಲೇ ನಡೆದು ಬರುತ್ತಿದ್ದರು. ಕಂಡಕ್ಟರನೇ ಸೀಟಿ ಊದಿ ಬಸ್ಸು ನಿಲ್ಲಿಸಬೇಕು. ಒಮ್ಮೆ ನಮ್ಮ ಓಣಿಯ ಕೆಂಪು ನಾಯಿ ಬೊಗಳುತ್ತಾ ಮೈಮೇಲೆ ಬಂತು. ನಾನು ಅಂಗಡಿಯ ಬಾಗಿಲು ಹಾಕಿಕೊಂಡೆ. ಅಕ್ಕೋರು ನಿಂತಲ್ಲೇ ನಿಂತು, ತಡವಾಗಿ ಕ್ಲಾಸಿಗೆ ಬಂದವರನ್ನು ಕೇಳುವ ಹಾಗೆ, "ಏನಾತು ಈಗ?" ಎಂದು ಕೇಳಿದರು. ನಾಯಿ ಬಾಲ ಮುದುರಿಕೊಂಡು ಹೋಯಿತು.

ನಾನು ದರ್ಜಿ. ಹೆಣ್ಣುಮಕ್ಕಳ ಬಟ್ಟೆ ಹೊಲಿಯುತ್ತೇನೆ. ಮೈಯಳತೆ ಗೊತ್ತಿದ್ದವಳ ಮುಂದೆ ಯಾರ ಬಡಾಯಿಯೂ ನಡೆಯುವುದಿಲ್ಲ, ಆದರೆ ಅಕ್ಕೋರದು ನಡೆಯುತ್ತಿತ್ತು. ಪ್ರತಿ ದೀಪಾವಳಿಗೆ ಅವರ ಜಂಪರಿನ ಅಳತೆ ಒಂದೊಂದು ಬೆರಳು ಹಿಗ್ಗುತ್ತಿತ್ತು, ಅವರು ಮಾತ್ರ ನನ್ನ ಟೇಪಿನ ಮೇಲೇ ತಪ್ಪು ಹೊರಿಸುತ್ತಿದ್ದರು. ಹತ್ತಿರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. "ಕುಂತು ಲೆಕ್ಕಾ ಮಾಡಾಕಂತನ ದೇವರು ನನ್ನ ಹುಟ್ಟಿಸ್ಯಾನ ಶಮೀಮಾ, ಅವನ ಮಾತು ನಾ ಯಾಕ ಮೀರ್ಲಿ?" ಎನ್ನುವುದು ಅವರ ಮಾತು. ಅಂಥವರು ಐವತ್ತು ದಾಟಿದ ಮೇಲೆ ಈಸಿ, ಸೈಕಲ್ ಹೊಡೆದು, ಓಡುವ ಸ್ಪರ್ಧೆಗೆ ಹೆಸರು ಕೊಟ್ಟರು ಎಂದರೆ ನಂಬುವವರು ಯಾರು? ನಾನಂತೂ ನಂಬಲಿಲ್ಲ.

ಆದದ್ದು ಇಷ್ಟು. ಶಾಲೆಯ ಪಿ.ಟಿ. ಮಾಸ್ತರರಿಗೆ ವರ್ಗವಾಯಿತು. ಬದಲಿ ಯಾರೂ ಬರಲಿಲ್ಲ. ಆಟದ ತಾಸಿನ ಹೊಣೆ ಅಕ್ಕೋರ ಕೊರಳಿಗೆ ಬಿತ್ತು. ಒಂಬತ್ತನೆಯ ಇಯತ್ತೆಯ ಹುಡುಗಿಯರು ಮೈದಾನಕ್ಕೆ ಕಾಲೇ ಇಡುತ್ತಿರಲಿಲ್ಲ. ಒಬ್ಬಳಿಗೆ ಹೊಟ್ಟೆನೋವು, ಇನ್ನೊಬ್ಬಳ ತಾಯಿಗೆ ಮಗಳು ಬಿಸಿಲಿಗೆ ಕರ್ರಗಾದಾಳೆಂಬ ಚಿಂತೆ, ಉಳಿದವರಿಗೆ ನಾಚಿಕೆ. ಹೆಡ್‌ಮಾಸ್ತರರು ನೋಡಿದರು, ನೋಡಿದರು, ಹಾಳಾಗುವ ಆ ತಾಸನ್ನು ಗಣಿತಕ್ಕೇ ಕೊಟ್ಟುಬಿಡುತ್ತೇನೆ ಎಂದರು. ಬೇರೆ ಗಣಿತದ ಟೀಚರಾಗಿದ್ದರೆ ಪೇಢೆ ಹಂಚುತ್ತಿದ್ದರು. ನಮ್ಮ ಅಕ್ಕೋರಿಗೆ ಸಿಟ್ಟು ಬಂತು. ಹುಡುಗಿಯರು ಆಡುವುದನ್ನು ಈಗ ಬಿಟ್ಟರೆ ಮುಂದೆ ಗಂಡನ ಮನೆಯಲ್ಲಿ ಯಾರು ಆಡಿಸುತ್ತಾರೆ ಎಂದು ನನ್ನ ಅಂಗಡಿಯಲ್ಲಿ ಕೂತು ಒಂದೇ ಸಮನೆ ಬೈದರು. ಕ್ಲಾಸಿನಲ್ಲೂ ಹೀಗೇ ಬೈಯುವಾಗ ಹಿಂದಿನ ಬೆಂಚಿನವಳೊಬ್ಬಳು ಮೆಲ್ಲಗೆ, "ನೀವು ಓಡ್ತೀರೇನ್ರಿ ಅಕ್ಕೋರ?" ಎಂದಳಂತೆ. ಇಡೀ ಕ್ಲಾಸು ನಕ್ಕಿತಂತೆ.

ಆ ವಾರವೇ ಊರಲ್ಲಿ ಟ್ರಯಥ್ಲಾನ್ ಎಂಬ ಸ್ಪರ್ಧೆಯ ಬೋರ್ಡುಗಳು ಎದ್ದವು. ಊರ ಹೊರಗಿನ ಕೆರೆಯಲ್ಲಿ ಈಸಬೇಕು, ತಿಕೋಟಾಕ್ಕೆ ಸೈಕಲ್ ಹೊಡೆದು ಬರಬೇಕು, ಆಮೇಲೆ ಓಡಬೇಕು, ಅದೂ ಗೊತ್ತುಮಾಡಿದ ವೇಳೆಯೊಳಗೆ. ದಸರೆ ಮುಗಿದ ಮೇಲೆ ಒಂದು ಸಲ, ಸಂಕ್ರಮಣ ಮುಗಿದ ಮೇಲೆ ಇನ್ನೊಂದು ಸಲ. ಅಕ್ಕೋರು ಹೆಡ್‌ಮಾಸ್ತರರ ಜತೆ ಮಾತು ಕಟ್ಟಿದರು: ವೇಳೆಯೊಳಗೆ ಮುಗಿಸಿದರೆ ಆಟದ ತಾಸು ಉಳಿಯಬೇಕು, ಹುಡುಗಿಯರೆಲ್ಲ ಮೈದಾನಕ್ಕೆ ಬರಬೇಕು. ಸೋತರೆ ಆ ತಾಸು ಗಣಿತಕ್ಕೆ. ಹುಡುಗಿಯರೂ ಹೂಂ ಎಂದರು, ನಗುತ್ತಲೇ. ಅಕ್ಕೋರ ಯಜಮಾನರು ಸಮಾಧಾನದ ಮನುಷ್ಯ. ಸುದ್ದಿ ಕೇಳಿ, ಅಂಬುಲೆನ್ಸಿನವರ ನಂಬರು ಬರೆದಿಟ್ಟುಕೊಳ್ಳುತ್ತೇನೆ ತಡಿ ಎಂದಷ್ಟೇ ಹೇಳಿದರು.

ಅಕ್ಕೋರಿಗೆ ಈಸಲು ಬರುತ್ತಿರಲಿಲ್ಲ. ತವರೂರು ಕಾಖಂಡಕಿ. ಅಲ್ಲಿ ಅವರಣ್ಣ ಮಲ್ಲಪ್ಪನ ಹೊಲದಲ್ಲಿ ದುಂಡನೆಯ ಹಳೇ ಬಾವಿ. ಭಾನುವಾರ ಬಂದರೆ ನಾವಿಬ್ಬರೂ ನನ್ನ ಸ್ಕೂಟಿ ಮೇಲೆ ಬಬಲೇಶ್ವರ ದಾರಿ ಹಿಡಿಯುತ್ತಿದ್ದೆವು, ಪಾಪ ಸ್ಕೂಟಿ. ಮಲ್ಲಪ್ಪ ತಂಗಿಯ ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟಿ ನೀರಿಗಿಳಿಸುತ್ತಿದ್ದ. ನಾನು ಹೊಲಿದುಕೊಟ್ಟ ಮೊದಲ ಅಂಗಿಯೊಳಗೆ ಗಾಳಿ ಹೊಕ್ಕು, ಅಕ್ಕೋರು ಬಾಂಡೆ ಬೋರಲು ಹಾಕಿದಂತೆ ತೇಲಿದರು. ಬಾವಿಯ ಮೇಲೆ ನಿಂತವರು ನಕ್ಕು ನಕ್ಕು ಸಾಕಾದರು. ನನಗೆ ಕಸುಬಿನ ಅವಮಾನ. ಸೊಲ್ಲಾಪುರ ರಸ್ತೆಯ ಅಂಗಡಿಗಳನ್ನೆಲ್ಲ ಜಾಲಾಡಿ ಹಿಗ್ಗುವ ಬಟ್ಟೆ ತಂದು, ಕೊರಳಿಂದ ಹಿಮ್ಮಡಿತನಕ ಮೈಗಂಟುವ ಹಾಗೆ ಹೊಲಿದು, ಹಿಂದೆ ಎರಡು ಕಿಸೆ ಇಟ್ಟೆ. ಮಳೆಗಾಲ ಮುಗಿಯುವಷ್ಟರಲ್ಲಿ ಅಕ್ಕೋರು ಕ್ಯಾನು ಬಿಚ್ಚಿ ಬಾವಿಯ ಗೋಡೆಗುಂಟ ಸುತ್ತು ಹಾಕತೊಡಗಿದರು. ನಾನು ಮಲ್ಲಪ್ಪನಿಗೆ ಕಾಣದ ಹಾಗೆ ಕಣ್ಣೊರೆಸಿಕೊಂಡೆ.

ತಪ್ಪು ಅಲ್ಲೇ ಆಗಿತ್ತು, ನಮಗಾರಿಗೂ ತಿಳಿಯಲಿಲ್ಲ. ಅಕ್ಕೋರು ಗುಡಿ ಸುತ್ತಿದಂತೆ ಬಾವಿಯನ್ನೂ ಬಲಕ್ಕೇ ಸುತ್ತುತ್ತಿದ್ದರು. ಎಡಕ್ಕೆ ಸುತ್ತುವುದು ಅಪ್ರದಕ್ಷಿಣೆ, ಅದು ಯಾರ ತಲೆಗೂ ಬರುವಂಥದ್ದಲ್ಲ. ದಸರೆಯ ಸ್ಪರ್ಧೆಯಲ್ಲಿ ಎಲ್ಲರೂ ಕೆರೆಯ ನಡುವೆ ಗುರುತಿಗೆಂದು ತೇಲಿಬಿಟ್ಟ ಹಳದಿ ಬುಗ್ಗೆಯತ್ತ ನೆಟ್ಟಗೆ ಹೋದರೆ, ನಮ್ಮ ಅಕ್ಕೋರು ಗೋಡೆಯಿಲ್ಲದ ನೀರಿನಲ್ಲೂ ಬಲಕ್ಕೆ ತಿರುಗುತ್ತಾ, ತಿರುಗುತ್ತಾ, ಎಮ್ಮೆ ಮೈತೊಳೆಯುವ ದಂಡೆಗೆ ಹೋಗಿ ತಲೆ ಎತ್ತಿದರು. ಎಮ್ಮೆಯವನು, ಯಾವ ಊರಿಗೆ ಹೊರಟಿದ್ದೀರಿ ಎಂದು ಮರ್ಯಾದೆಯಿಂದಲೇ ವಿಚಾರಿಸಿದನಂತೆ. ಅಷ್ಟರಲ್ಲಿ ವೇಳೆ ಮುಗಿದಿತ್ತು.

ಶಾಲೆಯಲ್ಲಿ ನಗೆಯೋ ನಗೆ. ಹೆಡ್‌ಮಾಸ್ತರರು ಒಳ್ಳೆಯವರು, ಸಂಕ್ರಮಣದ ಸ್ಪರ್ಧೆಯವರೆಗೆ ತಡೆಯುತ್ತೇನೆ, ಅದೇ ಕಡೆಯದು ಎಂದರು. ಮರು ಭಾನುವಾರ ಅಕ್ಕೋರು ಬಾವಿಗಿಳಿದು ಎಡಕ್ಕೆ ಸುತ್ತತೊಡಗಿದರು. ಮಲ್ಲಪ್ಪ ಗಾಬರಿಯಾಗಿ ಕೈಮುಗಿದ. ಅಕ್ಕೋರು ನೀರೊಳಗಿಂದಲೇ, "ಬಲಕ್ಕ ಕೂಡಿಸಿದ್ದನ್ನ ಎಡಕ್ಕ ಕಳೀಬೇಕೋ ಯಣ್ಣಾ. ಇದು ಬಾವಿ, ಗುಡಿ ಅಲ್ಲ" ಎಂದರು.

ಲೆಕ್ಕ ಸರಿಹೋಯಿತು. ಸಂಕ್ರಮಣದ ಸ್ಪರ್ಧೆಯ ದಿನ ಅವರು ನೀರಿನಿಂದ ನೆಟ್ಟಗೆ ಎದ್ದು ಬಂದರು, ಎಲ್ಲರಿಗಿಂತ ಹಿಂದೆ, ಆದರೆ ವೇಳೆಯೊಳಗೆ. ಸೈಕಲ್ ಹತ್ತಿದರು. ನಾನು ಸ್ಕೂಟಿಯಲ್ಲಿ ಹಿಂದೆ. ಎರಡೂ ಕಡೆ ಬಿಳಿಜೋಳ ತೆನೆ ಬಿಟ್ಟು ನಿಂತಿತ್ತು, ಎದುರುಗಾಳಿ ಕೆನ್ನೆಗೆ ಹೊಡೆಯುತ್ತಿತ್ತು. ತಿಕೋಟಾ ಮುಟ್ಟಿದಾಗ ಕೈಯಲ್ಲಿ ಇನ್ನೂ ಸಾಕಷ್ಟು ಹೊತ್ತಿತ್ತು. ಗೆದ್ದೆವು ಎಂದುಕೊಂಡೆ.

ಅಲ್ಲಿ ರೇಣುಕಾ ನಿಂತಿದ್ದಳು. ಅಕ್ಕೋರ ಹಳೇ ವಿದ್ಯಾರ್ಥಿನಿ, ತಿಕೋಟಾಕ್ಕೆ ಕೊಟ್ಟವಳು. ಕೈಯಲ್ಲಿ ತಾಟು, ತಾಟಿನಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಷಿಣ ಕುಂಕುಮ, ಜಂಪರ್ ಪೀಸು. "ನಮ್ಮ ಮನಿ ಮುಂದ ಹಾದು ಹಂಗ ಹೋಗ್ತೀರೇನ್ರಿ ಅಕ್ಕೋರ? ಉಡಿ ತುಂಬ್ತೀನಿ, ಇಳೀರಿ" ಎಂದಳು. ಬೇಡ ಬೇಡ ಎಂದು ನಾನು ಹಿಂದಿನಿಂದ ಕೈಬೀಸಿದೆ. ಅಕ್ಕೋರು ಇಳಿದರು. ಉಡಿ ಒಡ್ಡಲು ಸೆರಗು ಎಲ್ಲಿದೆ? ನನ್ನ ಕಡೆ ನೋಡಿದರು. ಹಲ್ಲು ಕಡಿಯುತ್ತಾ ನನ್ನ ಓಢಣಿ ಬಿಚ್ಚಿ ಕೊಟ್ಟೆ. ರೇಣುಕಾ ತುಂಬಿದಳು. ಸೊಸೆ ತುಂಬಿದ ಮೇಲೆ ಅತ್ತೆ ಬಿಡುತ್ತಾಳೆಯೇ? ಒಳಗಿನಿಂದ ನಿಧಾನಕ್ಕೆ ಬಂದು ಅವಳೂ ತುಂಬಿದಳು. ಆಮೇಲೆ ಚಹಾ. ಎರಡು ತೆಂಗಿನಕಾಯಿ ನಾನಿಟ್ಟ ಕಿಸೆಗಳೊಳಗೆ ಹೋದವು.

ಮುಂದೆ ಹೋದಮೇಲೆ ನಾನು ಸ್ಕೂಟಿ ಪಕ್ಕಕ್ಕೆ ತಂದು ಬಾಯಿಗೆ ಬಂದಂತೆ ಬೈದೆ. ಇಷ್ಟು ತಿಂಗಳ ಕಷ್ಟವನ್ನು ಎರಡು ಕಾಯಿಗೆ ಮಾರಿದಿರಿ, ಆ ಹುಡುಗಿಯರಿಗೆ ಏನು ಹೇಳುತ್ತೀರಿ ಎಂದೆ. ಅಕ್ಕೋರು ತುಳಿಯುತ್ತಲೇ, "ಉಡಿ ತುಂಬೋ ಕೈಗೆ ಬ್ಯಾಡ ಅನ್ನೂದು ನನಗ ಯಾ ಸಾಲ್ಯಾಗೂ ಕಲಿಸಿಲ್ಲ ಶಮೀಮಾ" ಎಂದರು. ಮುಖ ಸಣ್ಣದಾಗಿತ್ತು. ನಾನು ಸ್ಕೂಟಿಯನ್ನು ಮತ್ತೆ ಅವರ ಹಿಂದಕ್ಕೆ ತಂದೆ.

ಓಡುವಾಗಲೂ ಉಡಿ ಬಿಚ್ಚಲಿಲ್ಲ. ಭಾರ ಇಳಿಸಿಟ್ಟು ಓಡಿರೆಂದು ಸ್ಪರ್ಧೆಯವರು ಹೇಳಿದರು. ತುಂಬಿದ ಉಡಿ ದಾರಿಯಲ್ಲಿ ಇಳಿಸುವ ಹಾಗಿಲ್ಲ ಎಂದು ಇವರು. ಸೊಂಟಕ್ಕೆ ಅಕ್ಕಿಯ ಗಂಟು, ಬೆನ್ನ ಹಿಂದೆ ಕಾಯಿ, ಹಣೆಯ ಕುಂಕುಮ ಬೆವರಿಗೆ ಮೂಗಿನವರೆಗೆ ಇಳಿದಿತ್ತು. ಕೊನೆಯ ತಿರುವಿಗೆ ಬಂದಾಗ ದೂರದಲ್ಲಿ ಮಂದಿ ಮುಗಿಯುವ ಗೆರೆಯ ಬ್ಯಾನರ್ ಬಿಚ್ಚಿ ಇಳಿಸುತ್ತಿದ್ದರು. ಅಕ್ಕೋರ ಕಾಲು ನಿಂತೇಬಿಟ್ಟಿತು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಗ ಬ್ಯಾನರಿನ ಕಡೆಯಿಂದ ಹುಡುಗಿಯರು ಬಂದರು. ಹೆಡ್‌ಮಾಸ್ತರರ ಜತೆ ನೋಡಲು ಬಂದಿದ್ದ ಒಂಬತ್ತನೆಯ ಇಯತ್ತೆಯವರು. ಹೊಟ್ಟೆನೋವಿನವಳು ಎಲ್ಲರಿಗಿಂತ ಮುಂದೆ. ದಾವಣಿ ಎತ್ತಿ ಕಟ್ಟಿದವರು, ಚಪ್ಪಲಿ ಬಿಟ್ಟವರು, ಬುರ್ಖಾ ಹಿಡಿದುಕೊಂಡವರು, ಎಲ್ಲರೂ ಓಡಿ ಬಂದರು. ಒಬ್ಬಳು ಕಾಯಿ ಇಸಿದುಕೊಂಡಳು, ಇಬ್ಬರು ಉಡಿಯ ತುದಿ ಹಿಡಿದರು. ಅಕ್ಕೋರನ್ನು ನಡುವೆ ಹಾಕಿಕೊಂಡು ಕೊನೆತನಕ ಓಡಿದರು. ನಾನೂ ಸ್ಕೂಟಿ ಅಲ್ಲೇ ಒಗೆದು ಓಡಿದೆ.

ಹೆಡ್‌ಮಾಸ್ತರರು ಗಡಿಯಾರ ನೋಡಿ, ನೆಲ ನೋಡಿ, "ವ್ಯಾಳೆ ಮುಗದೈತ್ರಿ ಅಕ್ಕೋರ" ಎಂದರು. ಅವರಿಗೂ ಕೆಟ್ಟದೆನಿಸಿತ್ತು.

ಅಕ್ಕೋರು ಏದುಸಿರು ಬಿಡುತ್ತಾ ಕಣ್ಣೊರೆಸಿಕೊಂಡರು. "ಮಾತಂದ್ರ ಮಾತ್ರಿ ಸರ್. ಆಟದ ತಾಸು ಇನ್ನ ಗಣಿತದ್ದು. ಆದ್ರ ಗಣಿತ ಎಲ್ಲಿ ಕಲಿಸ್ಬೇಕು ಅನ್ನೂದನ್ನ ನಾವು ಮಾತಾಡಿರ್ಲಿಲ್ಲ."

ಮರುದಿನದಿಂದ ಆ ತಾಸಿನ ಗಣಿತ ಮೈದಾನದಲ್ಲಿ. ವೇಗ, ದೂರ, ಕಾಲದ ಲೆಕ್ಕಕ್ಕೆ ಅರ್ಧ ಹುಡುಗಿಯರು ಓಡಬೇಕು, ಅರ್ಧ ಹುಡುಗಿಯರು ವೇಳೆ ಹಿಡಿಯಬೇಕು, ಆಮೇಲೆ ಅದಲುಬದಲು. ವೃತ್ತದ ಪರಿಧಿಗೆ ಗೂಟ ಹೊಡೆದು ಹಗ್ಗ ಹಿಡಿದು ಸುತ್ತಬೇಕು, ಬಲಕ್ಕೊಮ್ಮೆ, ಎಡಕ್ಕೊಮ್ಮೆ. ಹೆಡ್‌ಮಾಸ್ತರರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರಂತೆ. ಆ ಬೇಸಿಗೆಯಲ್ಲಿ ನಾನು ಹೊಲಿದಷ್ಟು ಆಟದ ಪ್ಯಾಂಟು ಜನ್ಮದಲ್ಲಿ ಹೊಲಿದಿರಲಿಲ್ಲ.

ಎರಡು ವರ್ಷ ಹೀಗೇ ನಡೆಯಿತು. ಹೋದ ಜೂನಿನಲ್ಲಿ ಅಕ್ಕೋರಿಗೆ ಬಡ್ತಿ ಕೊಟ್ಟು ದೂರದ ತಾಲೂಕಿನ ಶಾಲೆಗೆ ಹೆಡ್‌ಮಿಸ್ಟ್ರೆಸ್ ಮಾಡಿ ಕಳಿಸಿದರು. ಹೋಗುವ ಮುನ್ನ ಅಂಗಡಿಗೆ ಬಂದು ಕೂತರು. ಬಡ್ತಿ ಬೇಡ ಎನ್ನಿರಿ, ಇಲ್ಲೇ ಇರಿ ಎಂದು ನಾನು ಸಣ್ಣ ಹುಡುಗಿಯ ಹಾಗೆ ಹಟ ಮಾಡಿದೆ. ಅವರು ತಲೆ ಸವರಿ ಹೋದರು. ಅವರಿಲ್ಲದ ಜಲನಗರ ನನಗೆ ಬೇಸರ, ಅದನ್ನು ಮುಚ್ಚಿಡುವುದೇಕೆ?

ಅವರ ಜಾಗಕ್ಕೆ ಬಂದ ಹೊಸ ಗಣಿತದ ಅಕ್ಕೋರು ವಯಸ್ಸಿನಲ್ಲಿ ಚಿಕ್ಕವರು, ಇಸ್ತ್ರಿ ಸೀರೆಯ ಶಿಸ್ತಿನವರು. ಮೊದಲ ದಿನ ಆ ತಾಸಿಗೆ ಹಾಜರಿ ಪುಸ್ತಕ ಹಿಡಿದುಕೊಂಡು ಕ್ಲಾಸಿಗೆ ಹೋದರೆ ಒಳಗೆ ಒಬ್ಬ ಹುಡುಗಿಯೂ ಇರಲಿಲ್ಲವಂತೆ. ಎಲ್ಲರೂ ಮೈದಾನದಲ್ಲಿ ಸಾಲು ಹಚ್ಚಿ ನಿಂತು, ತಡವಾಯಿತಲ್ಲ ಎಂದು ಇವರ ದಾರಿ ಕಾಯುತ್ತಿದ್ದರಂತೆ.

ಆ ಸಂಜೆ ಅವರು ಮುಖ ಗಂಟು ಹಾಕಿಕೊಂಡು ನನ್ನ ಅಂಗಡಿಗೆ ಬಂದರು. "ಸೀರಿ ಉಟ್ಗೊಂಡು ಗಣಿತ ಕಲಿಸಾಕ ಆಗೂದಿಲ್ಲಂತ್ರಿ ಈ ಸಾಲ್ಯಾಗ. ಓಡಾಕ ಬರೂವಂಥಾದ್ದು ಒಂದು ಹೊಲದು ಕೊಡ್ರಿ" ಎಂದರು.

ಯಾವಾಗ ಬೇಕು ಎಂದು ಕೇಳಿದೆ.

"ನಾಳಿ ಮುಂಜಾನೆ."