ಪರದೆ ತುಂಬ ಮೀನು, ಮಡುವಿನ ತಳದಲ್ಲಿ ಪೈಪು

ಹೋದ ಸೋಮವಾರ ನಮ್ಮ ದೋಣಿಯ ಕೆಳಗೆ ಸಾವಿರಾರು ಮೀನು ಬಂದವು. ನಾನೇ ನೋಡಿದೆ. ಮೊಬೈಲಿಗಿಂತ ತುಸು ದೊಡ್ಡ ಪರದೆ, ಅದರ ತುಂಬ ಮೀನೇ ಮೀನು. ಐದು ನಿಮಿಷ ನನ್ನಂಥ ಶ್ರೀಮಂತ ಇಡೀ ಯಡೂರಿನಲ್ಲಿ ಇರಲಿಲ್ಲ.

ಮೋಟಾರ್ ಬಂದ್ ಮಾಡಿದೆ. ಮೀನೆಲ್ಲ ಮಾಯ.

"ಎಲ್ಲಿ ಹ್ವಾದ್ವಲೇ ನಿನ್ನ ಮೀನ?" ಅಂದ ಅಪ್ಪ.

ನಾನು ಪರದೆ ಒರೆಸಿದೆ. (ಒರೆಸಿದರೆ ಮೀನು ಬರುತ್ತವೇನು? ಆದರೂ ಒರೆಸಿದೆ.)

"ಅವು ಮೀನಲ್ಲೋ. ಮೋಟಾರಿನ ಪಂಖಾ ಎಬ್ಬಿಸಿದ್ದ ಗುಳ್ಳಿ. ಗುಳ್ಳಿ ನೋಡಾಕ ರತ್ನಾಗಿರಿ ತನಕ ಹೋಗಿ ಬಂದಿಯೇನ?"

ಹೌದು, ಹೋಗಿ ಬಂದಿದ್ದೆ. ಯಾಕೆ ಅಂತ ಹೇಳುತ್ತೇನೆ.

ಮೀನು ಹುಡುಕಲಿಕ್ಕೆ ಅಂತ ತಿಳಿಯಬೇಡಿ. ಕೃಷ್ಣೆಯಲ್ಲಿ ಮೀನು ಎಲ್ಲಿ ಇರುತ್ತದೆ ಅಂತ ಅಪ್ಪನಿಗೆ ನೀರಿನ ಬಣ್ಣ ನೋಡಿದರೆ ಗೊತ್ತಾಗುತ್ತದೆ. ನಾನು ಹುಡುಕುತ್ತಿದ್ದುದು ಪೈಪು. ಮಹಾಪೂರ ಬಂದಾಗಲೆಲ್ಲ ದಂಡೆಯ ಮೇಲಿನ ಪಂಪು, ಪೈಪು ಹೊಳೆಗೆ ಬೀಳುತ್ತವೆ. ನೀರು ಇಳಿದ ಮೇಲೆ ಅವು ಎಲ್ಲಿ ಬಿದ್ದಿವೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಾಗುವುದು ನಮ್ಮ ಬಲೆಗೆ ಮಾತ್ರ.

ಊರ ಕೆಳಗೆ ಹೊಳೆ ತಿರುಗುವಲ್ಲಿ ಒಂದು ಮಡು ಇದೆ. ಆಳ ನೀರು. ದೊಡ್ಡ ಕಟ್ಲಾ ಸಿಗುವುದು ಅಲ್ಲೇ. ಉಳಿದ ಕಡೆ ಬೆರಳುದ್ದದ ಮೀನು. ಆ ಮಡುವಿನಲ್ಲಿ ಈ ಹಂಗಾಮಿನಲ್ಲಿ ನಮ್ಮ ಮೂರು ಬಲೆ ಹರಿದವು. ಮೂರನೆಯದು ಹರಿದ ದಿನ ಅಪ್ಪ ಅದನ್ನು ಮಡಚಿ ದಂಡೆಗೆ ಇಟ್ಟು ಅಂದ: "ಇರೂದು ಇನ್ನ ಒಂದ ಬಲಿ. ಅದೂ ಹರೀತಂದ್ರ ದ್ವಾಣಿ ಮಾರತೀನಿ. ಸಕ್ಕರಿ ಕಾರ್ಖಾನಿ ಗೇಟಿಗಿ ವಾಚ್‌ಮನ್ ಬೇಕಾಗ್ಯಾನಂತ."

ಅಪ್ಪ ಸುಮ್ಮನೆ ಅನ್ನುವವನಲ್ಲ. ಹೊಳೆಯ ಮೇಲೆ ನಿಂತು ಇಷ್ಟು ವರ್ಷ ಬಲೆ ಬಿಟ್ಟವನು ಖಾಕಿ ಹಾಕಿಕೊಂಡು ಲಾರಿ ನಂಬರ್ ಬರೆಯುವುದೇ? (ಅವನಿಗೆ ಬರೆಯಲು ಬರುವುದಿಲ್ಲ. ಅದು ಬೇರೆ ಮಾತು.)

ಸಮುದ್ರದ ದೋಣಿಗಳಿಗೆ ನೀರೊಳಗೆ ನೋಡುವ ಸೋನಾರ್ ಹಚ್ಚುತ್ತಾರೆ ಅಂತ ಮೊಬೈಲ್‌ನಲ್ಲಿ ನೋಡಿದ್ದೆ. ನಿಪ್ಪಾಣಿಯಿಂದ ಸಮುದ್ರದ ದಂಡೆಯ ರತ್ನಾಗಿರಿಗೆ ಬಸ್ಸು ಹತ್ತಿದೆ.

ರತ್ನಾಗಿರಿಯ ಅಂಗಡಿಯವನು ಮೊದಲು ಒಂದು ದೊಡ್ಡ ಹಿತ್ತಾಳೆ ಗುಂಡು ತೋರಿಸಿದ. ನೀರಿನೊಳಗೆ ಶಬ್ದ ಬಿಟ್ಟು, ತಿರುಗಿ ಬಂದದ್ದನ್ನು ಪರದೆಗೆ ಕಳಿಸುವುದು ಅದೇ. ದೋಣಿಯ ತಳ ಕೊರೆದು ಕೂರಿಸಬೇಕು, ಸಾವಿರ ಅಡಿ ಆಳ ನೋಡುತ್ತದೆ ಅಂದ. "ಕಿತಿ ಖೋಲ ಪಾಣಿ?" ಎಷ್ಟು ಆಳ ನೀರು ಅಂತ ಕೇಳಿದ. "ದೋನ ಬಾಂಬೂ" ಅಂದೆ. ಎರಡು ಬಿದಿರಿನಷ್ಟು. ನಕ್ಕ. ಆದರೆ ಒಳ್ಳೆಯ ಮನುಷ್ಯ. ಬ್ಯಾಟರಿ ತೆಗೆದು ಗೋಡೆಗೆ ಬೆಳಕು ಬಿಟ್ಟ. ದೂರ ನಿಂತರೆ ಬೆಳಕು ಅಗಲ, ಹತ್ತಿರ ಬಂದರೆ ತಟ್ಟೆಯಷ್ಟು. ಇದೂ ಹಾಗೇ. ಕಡಿಮೆ ನೀರಿದ್ದಲ್ಲಿ ಸಪೂರ ನೋಟದ್ದು ಹಚ್ಚಿದರೆ ತಳದಲ್ಲಿ ತಟ್ಟೆಯಷ್ಟು ಜಾಗ ಮಾತ್ರ ಕಾಣುತ್ತದೆ. ಪಕ್ಕದ ಪೈಪು ಕಾಣುವುದಿಲ್ಲ. ನಮಗೆ ಬೇಕಾದದ್ದು ಅಗಲ ನೋಟದ್ದು. ಅದು ಇರುವುದು ಸಣ್ಣ ಗುಂಡಿನಲ್ಲಿ. ಅದನ್ನೇ ಕೊಂಡು ಊರಿಗೆ ಬಂದೆ.

ಆ ಗುಂಡಿಗೆ ಟ್ರಾನ್ಸ್‌ಡ್ಯೂಸರ್ ಅನ್ನುತ್ತಾರೆ. ಅಪ್ಪ ನೋಡಿದ, ತಿರುಗಿಸಿದ, "ಸಾಬಾಣ" ಅಂದ. ಸಾಬೂನಿನಷ್ಟೇ ಇತ್ತು. ಅಂದಿನಿಂದ ಅದು ಸಾಬಾಣ.

ತಂದದ್ದು ಸುಲಭ. ಹಚ್ಚುವುದು ಎಲ್ಲಿ?

"ತೂತ ಹೊಡದಿ ಅಂದ್ರ ಕೈ ಮುರೀತೀನಿ" ಅಂತ ಅಪ್ಪ ಮೊದಲೇ ಹೇಳಿಬಿಟ್ಟ. ನಮ್ಮದು ತಗಡಿನ ದೋಣಿ, ಕೆಳಗೆ ಡಾಂಬರು. ತೂತು ಬಿದ್ದರೆ ತುಕ್ಕು. ಸರಿ, ಮೊಬೈಲ್‌ನಲ್ಲಿ ಒಬ್ಬ ಮಾಡಿದ ಹಾಗೆ ದೋಣಿಯ ಒಳಗಡೆಯೇ ಅಂಟು ಹಾಕಿ ಕೂರಿಸಿದೆ. ಪರದೆಯಲ್ಲಿ ಬರೀ ಕತ್ತಲೆ. ಆಮೇಲೆ ತಿಳಿಯಿತು, ಅವನದು ಫೈಬರ್ ದೋಣಿ. ತಗಡು, ಡಾಂಬರು ದಾಟಿ ನೋಡಲು ಅದೇನು ದೇವರೇ?

ಕಿತ್ತು ಹಿಂದೆ ಹಚ್ಚಿದೆ, ಮೋಟಾರಿನ ಪಕ್ಕ. ಆಗಲೇ ಆ ಸಾವಿರಾರು ಮೀನು ಬಂದದ್ದು.

ಬದಿಗೆ ಕಟ್ಟೋಣ ಅಂದರೆ ಎಡಕ್ಕೆ ಅಪ್ಪ ಬಲೆ ಬಿಡುತ್ತಾನೆ, ಬಲೆ ಅದಕ್ಕೇ ಸಿಕ್ಕಿಬೀಳುತ್ತದೆ. ಬಲಕ್ಕೆ ನನ್ನ ಹುಟ್ಟು. ನಾನು ತಲೆ ಹಿಡಿದು ಕೂತೆ. ಮೋಟಾರ್ ಬಂದ್ ಇಟ್ಟು, ಹುಟ್ಟು ಹಾಕುತ್ತ ನೋಡಿದರಾಯಿತು, ಹಿಂದೆಯೇ ಇರಲಿ ಅಂದೆ.

ಅಪ್ಪ ಬೀಡಿ ಹಚ್ಚಿದ. "ನಿನ್ನ ಸಾಬಾಣ ಹಿಂದ ಐತಿ. ನಾ ಬಲಿ ಬಿಡೂದು ನಡಬರಕ. ಪೈಪ ಬಂತಂತ ಅದು ಹೇಳೂದ್ರೊಳಗ ನನ್ನ ಬಲಿ ಪೈಪಿನ ಮ್ಯಾಲ ಕುಂತಿರತೈತಿ. ಎಮ್ಮಿ ಹೊಲಾ ಮೇದು ಹೋದ ಮ್ಯಾಲ ಕಾಯಾಕ ಬಂದಂಗ."

ಮೊಬೈಲ್‌ನಲ್ಲಿ ಅಷ್ಟು ವಿಡಿಯೋ ನೋಡಿದ್ದೆ, ಇದನ್ನು ಒಬ್ಬನೂ ಹೇಳಿರಲಿಲ್ಲ. ಅವರೆಲ್ಲ ಗಾಳ ಹಾಕುವವರು. ಬಲೆ ಬಿಡುವವರಲ್ಲ.

ಮುಂದೆ ಕಟ್ಟಿದೆವು. ಮೂತಿಗೆ ಒಂದು ಬಿದಿರು ನಿಲ್ಲಿಸಿ ಎರಡು ಕ್ಲಾಂಪು ಬಿಗಿದೆವು. ತೂತಿಲ್ಲ. ಬಿದಿರಿನ ತುದಿಗೆ ಸಾಬಾಣ, ದೋಣಿಯ ತಳಕ್ಕಿಂತ ಒಂದು ಗೇಣು ಕೆಳಗೆ. ದಂಡೆಗೆ ಬಂದಾಗ ಬಿದಿರು ಮೇಲೆಳೆದರಾಯಿತು. ಮೊದಲ ಸಲ ವಾರೆಯಾಗಿತ್ತು, ತಳ ಬಿಟ್ಟು ದಂಡೆ ತೋರಿಸಿತು. ದಾರಕ್ಕೆ ನಟ್ಟು ಕಟ್ಟಿ ಇಳಿಬಿಟ್ಟು ನೆಟ್ಟಗೆ ಮಾಡಿದೆ.

ಬಲೆ ಇಲ್ಲದೆ, ಬರೀ ಹುಟ್ಟು ಹಾಕುತ್ತ ಮಡುವಿಗೆ ಹೋದೆವು. ಪರದೆಯಲ್ಲಿ ತಳದ ಗೆರೆ ಸಪಾಟು ಹೋಗುತ್ತಿತ್ತು. ಒಮ್ಮೆಲೇ ಎದ್ದಿತು, ಮತ್ತೆ ಬಿದ್ದಿತು. "ಇಲ್ಲೆ" ಅಂದೆ. ಅಪ್ಪ ಖಾಲಿ ಬಾಟಲಿಗೆ ದಾರ, ದಾರಕ್ಕೆ ಕಲ್ಲು ಕಟ್ಟಿ ಇಳಿಸಿದ. ಎದ್ದಲ್ಲೆಲ್ಲ ಒಂದು ಬಾಟಲಿ. ಮಧ್ಯಾಹ್ನದೊಳಗೆ ಏಳು ಬಾಟಲಿ ತೇಲುತ್ತಿದ್ದವು.

ಅಷ್ಟರಲ್ಲಿ ದಂಡೆಯಿಂದ ಕೂಗು. ಬಾಬುಗೌಡ ಕಾಕಾ. ಮೇಲಿನ ಕಬ್ಬು ಅವರದು.

"ಏ ರಾಮಣ್ಣ, ನನ್ನ ಹೊಲದ ಮುಂದ ಬಾಟಲಿ ಯಾಕ ತೇಲಿ ಬಿಟ್ಟಿ? ಏನರ ಪೂಜಾ ನಡಸೀಯೇನ?"

"ಪೂಜಾ ಅಲ್ರಿ ಗೌಡ್ರ. ಕೆಳಗ ಏನೋ ಬಿದ್ದಾವ್ರಿ. ಬಲಿ ಹರದ ಹ್ವಾದ್ವು" ಅಂದ ಅಪ್ಪ.

ಕಾಕಾ ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. ದೋಣಿಯಲ್ಲಿ ಕೂತ ನಮಗೆ ಅವು ಅಲ್ಲೊಂದು ಇಲ್ಲೊಂದು ಬಾಟಲಿ. ದಂಡೆಯ ಎತ್ತರದಿಂದ ನೋಡುವವರಿಗೆ ಬೇರೆ.

"ಸಾಲ ಹಿಡದಾವಲ್ಲೋ" ಅಂದರು. "ನೆಟ್ಟಗ ಗೆರಿ ಎಳದಂಗ. ಅದು ನನ್ನ ಪೈಪ. ತುದಿಗಿ ಮೋಟಾರನೂ ಇರಬೇಕು. ಮಹಾಪೂರದಾಗ ಹ್ವಾದದ್ದು, ಕೆಳಗ ಹಿಪ್ಪರಗಿ ಡ್ಯಾಮ ಮುಟ್ಟೇತಂತ ತಿಳದ ಬಿಟ್ಟಿದ್ನಿ."

ಮರುದಿನ ಕಾಕಾ ಟ್ರ್ಯಾಕ್ಟರ್ ತಂದರು. ಬಾವಿಯಲ್ಲಿ ಬಿದ್ದ ಕೊಡ ಎತ್ತುವ ಪಾತಾಳಗರಡಿಯನ್ನು ದೊಡ್ಡ ಹಗ್ಗಕ್ಕೆ ಕಟ್ಟಿ, ನಾನು ಬಾಟಲಿಗಳ ನಡುವೆ ಇಳಿಸಿದೆ. ನಾಲ್ಕನೇ ಸಲಕ್ಕೆ ಹಿಡಿಯಿತು. ಟ್ರ್ಯಾಕ್ಟರ್ ಎಳೆಯಿತು. ಕೆಸರು ಸುರಿಸುತ್ತ ಪೈಪು ಬಂತು, ಅದರ ಹಿಂದೆ ಮೋಟಾರು.

ಪೈಪಿನ ಸುತ್ತ ಬಲೆ. ನಮ್ಮವೇ. ಬಿಳಿ, ನೀಲಿ, ಹಸಿರು, ಮೂರೂ ಬಲೆಯ ತುಂಡು. ಹಸಿರಿನದು ಅವ್ವ ಕೂತು ಹೊಲಿದದ್ದು. ಅಪ್ಪ ಅದನ್ನು ಬಿಡಿಸಲು ಹೋಗಿ, ಬರಲಿಲ್ಲ ಅಂತ ಬಿಟ್ಟ.

"ಮೂರ ಬಲಿ ಹರಕೊಂಡಿ. ಒಂದ ಮಾತ ನನಗ ಹೇಳಬಾರದೇನೋ?" ಅಂದರು ಕಾಕಾ.

"ಮೋಟಾರ ಹೋತಂತ ನೀವರ ನನಗ ಎಲ್ಲಿ ಹೇಳೀರಿ?" ಅಂದ ಅಪ್ಪ.

ಕಾಕಾ ನಕ್ಕುಬಿಟ್ಟರು. ಒಂದೇ ಪೈಪಿಗೆ ಎರಡು ಮನೆಯವರು ಬೈಯುತ್ತ ಕೂತಿದ್ದೆವು. ಇಬ್ಬರ ನಡುವೆ ಇದ್ದದ್ದು ನೂರು ಹೆಜ್ಜೆ.

ಗುರುವಾರ ಬೆಳಿಗ್ಗೆ ಕೊನೆಯ ಬಲೆ ತೆಗೆದುಕೊಂಡು ಹೋದೆವು. ನಾನು ಪರದೆ ನೋಡುತ್ತ ಹುಟ್ಟು ಹಾಕುತ್ತಿದ್ದೆ. ಮಡುವಿನ ಮೇಲೆ ಬಂದಾಗ ಅಪ್ಪ ಬಲೆ ಕೈಯಲ್ಲಿ ಹಿಡಿದು ಕೇಳಿದ: "ಬಿಡ್ಲೇನೋ?"

ಹೊಳೆಯ ವಿಷಯದಲ್ಲಿ ಅಪ್ಪ ನನ್ನನ್ನು ಕೇಳಿದ್ದು ಅದೇ ಮೊದಲು. "ಬಿಡು" ಅಂದೆ.

ಬಿಟ್ಟ. ಕಾದೆವು. ಎಳೆಯುವಾಗ ಅರ್ಧಕ್ಕೆ ಬಲೆ ಬಿಗಿಯಿತು. ಅಪ್ಪನ ಕೈ ನಿಂತಿತು. ನನ್ನ ಮುಖ ನೋಡಿದ. ನಾನು ಪರದೆ ನೋಡಿದೆ. ತಳ ಸಪಾಟಾಗಿತ್ತು.

ಅಷ್ಟರಲ್ಲಿ ಬಲೆ ತಿರುಗಿ ಎಳೆಯಿತು. ಪೈಪು ತಿರುಗಿ ಎಳೆಯುವುದಿಲ್ಲ.

"ಕಟ್ಲಾ ಐತಲೇ, ದ್ವಾಣಿ ವಾರಿ ಮಾಡಬ್ಯಾಡ" ಅಂದ. ಆಮೇಲೆ ಅವನು ಎಳೆದದ್ದೇ ಎಳೆದದ್ದು. ಬಲೆಯ ಒಂದು ಕಣ್ಣೂ ಹರಿಯಲಿಲ್ಲ.

ವಾಪಸು ಬರುವಾಗ ಅಪ್ಪ ಕಾರ್ಖಾನೆ ಗೇಟಿನ ಮಾತು ತೆಗೆಯಲಿಲ್ಲ. ಉಗಾರದ ಕಡೆ ಎರಡು ಮಡು ಇವೆ, ಪೈಪಿಗೆ ಹೆದರಿ ಅಲ್ಲಿಯೂ ಯಾರೂ ಬಲೆ ಬಿಡುವುದಿಲ್ಲ, ಸಾಬಾಣ ಒಯ್ದು ನೋಡೋಣ ಅಂದ. ನಾನು ಹೂಂ ಅಂದೆ. ಆದರೆ ಈ ಸಲ ನೀರಿಗೆ ಇಳಿಯುವ ಮೊದಲು ದಂಡೆಗೆ ಹೋಗಿ ಹೊಲದವರನ್ನು ಕೇಳುತ್ತೇನೆ.

ಇದನ್ನು ಓದುವವರಲ್ಲಿ ಕಬ್ಬಿನವರು ಬಹಳ ಜನ ಇದ್ದೀರಿ. ಮಹಾಪೂರದಲ್ಲಿ ನಿಮ್ಮ ಪೈಪು ಎಲ್ಲಿ ಮುಳುಗಿತು ಅಂತ ಬಲೆ ಬಿಡುವ ಒಬ್ಬನಿಗಾದರೂ ಹೇಳಿದ್ದೀರೇನ್ರಿ?