ತಂಗಿ ನಿಂತ ಜಾಗಗಳು

ನನ್ನ ತಂಗಿ ನಿಂತಾಗ ನಾನು ನಿಲ್ಲಲಿಲ್ಲ. ಟೆಕ್ಸಾಸಿನಲ್ಲಿ ನಾವಿಬ್ಬರೇ ಹೋದ ಪ್ರವಾಸದಲ್ಲಿ ಅವಳು ನಾಲ್ಕು ಹೆಜ್ಜೆಗೊಮ್ಮೆ ನಿಂತು ಯಾವುದೋ ಕಸಕಡ್ಡಿಯ ಫೋಟೋ ತೆಗೆಯುತ್ತಿದ್ದಳು. ನಾನು ಮುಂದೆ ಹೋಗಿ, ತಿರುಗಿ, ಬೈಯುತ್ತಿದ್ದೆ. ನಿನಗೇನಾಗುತ್ತಿದೆ ಎಂದು ಒಂದು ಸಲವೂ ಕೇಳಲಿಲ್ಲ. ಈಗ ಅವಳ ಹೃದಯಕ್ಕೆ ಸ್ವಂತ ಮನೆಯ ಮೆಟ್ಟಿಲು ಹತ್ತುವಷ್ಟೂ ಶಕ್ತಿಯಿಲ್ಲ.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ತುಮಕೂರಿನಲ್ಲಿ ಬ್ಲೌಸ್ ಹೊಲಿಯುತ್ತೇನೆ. ತಂಗಿ ಓದಿದಳು, ಟೆಕ್ಸಾಸಿಗೆ ಬಂದಳು. ಗಂಡ ತೀರಿಕೊಂಡ ಮೇಲೂ ಡಾಲಸ್ ಪಕ್ಕದ ಕಾಪೆಲ್‌ನಲ್ಲೇ ಉಳಿದು ಮಗಳನ್ನು ಬೆಳೆಸಿದಳು. ಆ ಹುಡುಗಿ ಹ್ಯೂಸ್ಟನ್‌ನಲ್ಲಿ ಕಾಲೇಜು ಓದುತ್ತಾಳೆ. ನಾನು ಬಂದಾಗ ತಂಗಿ ರಜಾ ಹಾಕಿದಳು. ಡಾಲಸ್, ಆಸ್ಟಿನ್ ನೋಡಿಕೊಂಡು ಹ್ಯೂಸ್ಟನ್‌ಗೆ ಮಗಳ ಹತ್ತಿರ ಹೋಗುವುದು ಎಂದಾಯಿತು. ದೊಡ್ಡ ದೊಡ್ಡ ಕಟ್ಟಡಗಳ ಮುಂದೆ ಫೋಟೋ ತೆಗೆಸಿಕೊಂಡು ಊರಿನ ಗಿರಾಕಿಗಳಿಗೆ ಕಳಿಸಬೇಕು ಎನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಹೊರಡುವ ಬೆಳಿಗ್ಗೆ ಕಾರಿನಲ್ಲಿ ಬೆಲ್ಟ್ ಹಾಕಿಕೊಳ್ಳುತ್ತಾ ಅವಳು ಹೇಳಿದಳು: "ಅಕ್ಕಾ, ನಂಗೊಂದು ಕಂಡಿಷನ್ ಇದೆ. ಸ್ವಲ್ಪ ನಿಧಾನಕ್ಕೆ ಓಡಾಡೋಣ."

ನಾನು ಬಲ್ಲ ಕಂಡಿಷನ್ ಎಂದರೆ ಷರತ್ತು. ಮದುವೆ ಮಾತುಕತೆಯಲ್ಲಿ ಬೀಗರು ಹಾಕುವಂಥದ್ದು, ಬಾಡಿಗೆ ಮನೆ ಕೊಡುವವರು ಹಾಕುವಂಥದ್ದು. ನಕ್ಕುಬಿಟ್ಟೆ. "ಓಹೋ, ಅಕ್ಕಂಗೇ ಕಂಡಿಷನ್ ಹಾಕ್ತೀಯಾ? ಗಂಡಿನ ಕಡೆಯೋಳು ಆಗ್ಬಿಟ್ಯಲ್ಲೇ!"

ಅವಳೂ ನಕ್ಕಳು. ಇನ್ನೇನೋ ಹೇಳಲು ಬಾಯಿ ತೆರೆದವಳು ಹೇಳದೆ ಕಾರು ಸ್ಟಾರ್ಟ್ ಮಾಡಿದಳು.

ಡಾಲಸ್‌ನಲ್ಲಿ ಒಂದು ಕಡೆ ಇಳಿಜಾರಿನ ಹುಲ್ಲಿನ ಮೇಲೆ ಕಂಚಿನ ದನಗಳ ಹಿಂಡನ್ನೇ ನಿಲ್ಲಿಸಿದ್ದಾರೆ. ಎಲ್ಲಕ್ಕಿಂತ ದೊಡ್ಡ ಕೊಂಬಿನದರ ಪಕ್ಕ ಸೆರಗು ಸರಿಮಾಡಿಕೊಂಡು ನಾನು ನಿಂತೆ. ತಂಗಿ ಕೆಳಗೇ ಮೊಣಕಾಲೂರಿ, ಒಂದು ಗೊರಸಿನ ಸಂದಿಯಲ್ಲಿದ್ದ ಕಣಜದ ಗೂಡಿಗೆ ಫೋನ್ ಹಿಡಿದಿದ್ದಳು.

"ಕೊಂಬು ಬಿಟ್ಟು ಕಾಲು ಹಿಡ್ಕೊಂಡ್ಯಾ? ಬಾರೇ ಮೇಲಕ್ಕೆ!"

"ಬಂದೆ ಕಣಕ್ಕಾ, ಇದೊಂದು."

ಆಸ್ಟಿನ್‌ನ ವಿಧಾನಸಭೆಯಲ್ಲಿ ಬಂದವರೆಲ್ಲ ಕತ್ತೆತ್ತಿ ಗುಮ್ಮಟ ನೋಡುತ್ತಿದ್ದರೆ ಇವಳು ಒಂದು ಬಾಗಿಲ ಹತ್ತಿರ ನಿಂತುಬಿಟ್ಟಳು. "ನೋಡಕ್ಕಾ, ಬಾಗಿಲಿನ ಕೀಲಿನ ಮೇಲೂ ಕಟ್ಟಡದ ಹೆಸರು ಕೆತ್ತಿದಾರೆ. ಯಾರೂ ನೋಡಲ್ಲ."

"ಯಾರೂ ನೋಡ್ದೇ ಇರೋದನ್ನ ನೀನ್ಯಾಕೆ ನೋಡ್ತೀಯಾ? ನಿನ್ನ ಮನೆ ಬಾಗಿಲಿಗೆ ಕೀಲಿಲ್ವಾ?"

ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಹುಕ್ಕು, ಕಾಜ, ನೂಲಿನ ಎಳೆ ಎಂದು ಸಣ್ಣದನ್ನೇ ನೋಡಿ ಕಣ್ಣು ಸವೆಸಿಕೊಂಡವಳು ನಾನು. ರಜೆಯಲ್ಲೂ ಸಣ್ಣದನ್ನೇ ತೋರಿಸುತ್ತಾಳಲ್ಲ, ಓದಿದವರಿಗೆ ಇದೂ ಒಂದು ಶೋಕಿ ಎಂದುಕೊಂಡೆ. ಫೋನ್ ಹಿಡಿಯದ ಅವಳ ಇನ್ನೊಂದು ಕೈ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಿತ್ತು. ಅದು ನನ್ನ ಕಣ್ಣಿಗೆ ಬಿದ್ದಿತ್ತು.

ಹ್ಯೂಸ್ಟನ್‌ನಲ್ಲಿ ಮೈಗೆ ಅಂಟುವ ಸೆಕೆ. ಊಟದ ಹೋಟೆಲಿನಲ್ಲಿ ಮಗಳು ಕಾಯುತ್ತಿದ್ದಳು, ಕಾರು ದೂರದಲ್ಲಿ ನಿಲ್ಲಿಸಬೇಕಾಯಿತು. ದೊಡ್ಡ ಮರಗಳ ಬೇರುಗಳು ಫುಟ್‌ಪಾತಿನ ಸಿಮೆಂಟು ಚಪ್ಪಡಿಗಳನ್ನು ಎತ್ತಿ ಒಡೆದಿದ್ದವು. ತಂಗಿ ಒಂದೊಂದು ಬೇರಿಗೂ ನಿಂತಳು. ಕೊನೆಗೆ ಒಂದು ಕಡೆ ನಿಂತವಳು ಕದಲಲೇ ಇಲ್ಲ. ನಾನು ವಾಪಸ್ ಬಂದು ನೋಡಿದೆ. ಫೋನ್ ನೆಲಕ್ಕೆ ಹಿಡಿದಿದ್ದಳು, ಅದರಲ್ಲಿ ಬರಿ ಸಿಮೆಂಟು. ಬೆರಳು ಒತ್ತುತ್ತಿರಲಿಲ್ಲ. ತುಟಿ ಕಪ್ಪಿಟ್ಟಿತ್ತು.

"ನಿನ್ನ ಕಂಡಿಷನ್ ಸಾಕು ಮಾಡು. ಮಗು ಹಸ್ಕೊಂಡು ಕೂತಿದೆ," ಎಂದು ಕೈ ಹಿಡಿದು ಎಳೆದೆ. ಆ ಸೆಕೆಯಲ್ಲೂ ಕೈ ತಣ್ಣಗಿತ್ತು. ಅವಳು ನನ್ನ ಹಿಂದೆ ಬಂದಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಆ ಕೈ ನನ್ನ ಕೈಯಿಂದ ಜಾರಿತು. ತಿರುಗಿದಾಗ ನೆಲದ ಮೇಲಿದ್ದಳು.

ಆಸ್ಪತ್ರೆಯಲ್ಲಿ ಮಗಳು ಅಳುತ್ತಾ ಕೇಳಿದಳು, "ದೊಡ್ಡಮ್ಮ, ಅಮ್ಮಂಗೆ ಹಾರ್ಟ್ ಕಂಡಿಷನ್ ಇದೆ. ನಿಮ್ಗೆ ಹೇಳಿದೀನಿ ಅಂದ್ರಲ್ಲ ಅಮ್ಮ? ಶಿ ಟೋಲ್ಡ್ ಯೂ, ನೋ?"

ಹೇಳಿದ್ದಳು. ಇಂಗ್ಲಿಷಿನಲ್ಲಿ ಕಾಯಿಲೆಗೂ ಅದೇ ಪದವಂತೆ. ನಾನದನ್ನು ತಮಾಷೆ ಮಾಡಿ ಅವಳ ಬಾಯಿಗೇ ವಾಪಸ್ ತುರುಕಿದ್ದೆ.

ಕಾಪೆಲ್‌ಗೆ ಕರೆತಂದ ಮೇಲೆ ಕೆಳಗಿನ ಹಾಲ್‌ನಲ್ಲೇ ಅವಳಿಗೆ ಮಂಚ ಹಾಕಿದೆವು. ಅಕ್ಕಪಕ್ಕದ ಕನ್ನಡದವರು ಸಾರು, ಪಲ್ಯ ತಂದುಕೊಟ್ಟರು. ನಾನು ಎಲ್ಲರಿಗೂ ಕಂಡಿಷನ್ನಿನ ಕಥೆ ಹೇಳಿದೆ. "ಪಾಪ ಆಂಟಿ, ನಿಮ್ಗೆ ಇಂಗ್ಲಿಷ್ ಬರಲ್ಲ, ನಿಮ್ಮ ತಪ್ಪೇನಿದೆ?" ಎಂದರು. ಆ ಮಾತಿನ ನೆರಳಲ್ಲಿ ಕೂತೆ. ಏಳನೇ ಕ್ಲಾಸು ಮೊದಲ ಸಲ ನನಗೆ ಉಪಯೋಗಕ್ಕೆ ಬಂದಿತ್ತು.

ನಾನು ಊರಿಗೆ ಹೊರಡುವ ಹಿಂದಿನ ಮಧ್ಯಾಹ್ನ ಅವಳು ಫೋನಿನಲ್ಲಿ ಆ ಫೋಟೋಗಳನ್ನು ನೋಡುತ್ತಿದ್ದಳು. "ಬರಿ ಶೋಕಿ ಅಂದ್ಕೊಂಡೆ ಅಲ್ವಾ ಅಕ್ಕಾ? ಮೊದ್ಲು ಉಸಿರಿಗೋಸ್ಕರ ನಿಲ್ತಿದ್ದೆ. ಸುಮ್ನೆ ನಿಂತ್ರೆ ಜನ ಏನಾಯ್ತು ಅಂತ ಕೇಳ್ತಾರೆ. ಫೋನ್ ಹಿಡ್ದು ನಿಂತ್ರೆ ಯಾರೂ ಕೇಳಲ್ಲ. ಆಮೇಲಾಮೇಲೆ ನಿಜವಾಗ್ಲೂ ಕಾಣೋಕೆ ಶುರುವಾಯ್ತು." ಸ್ವಲ್ಪ ಸುಧಾರಿಸಿಕೊಂಡು ಹೇಳಿದಳು, "ನೀನು ಬೇಜಾರು ಮಾಡ್ಕೋಬೇಡ. ನಿಂಗೆ ಗೊತ್ತಿರ್ಲಿಲ್ಲ."

ನಮ್ಮ ಮನೆಯಲ್ಲಿ ದೊಡ್ಡವರು ಚಿಕ್ಕವರಿಗೆ ತಪ್ಪಾಯಿತು ಎನ್ನುವ ರೂಢಿಯಿಲ್ಲ. ಬೈದ ಮೇಲೆ ತಟ್ಟೆಗೆ ಒಂದು ಸೌಟು ಹೆಚ್ಚಿಗೆ ಬಡಿಸುತ್ತಾರೆ, ಅಲ್ಲಿಗೆ ಮುಗಿಯಿತು. ನಾನೂ ಅಡುಗೆಮನೆಗೆ ಹೋಗಲೆಂದು ಎದ್ದೆ. ಅಡುಗೆಮನೆಯ ಬಾಗಿಲಿಂದಲೇ ತಿರುಗಿ ಬಂದೆ. ಮಂಚದ ಅಂಚಿನಲ್ಲಿ ಕೂತೆ.

"ಗೊತ್ತಿತ್ತು ಕಣೆ," ಎಂದೆ. "ಪದ ಗೊತ್ತಿರ್ಲಿಲ್ಲ, ಅಷ್ಟೇ. ನಿನ್ನ ತುಟಿ ನೋಡಿದ್ದೆ. ಕೈ ತಣ್ಣಗಿದ್ದಿದ್ದು ಗೊತ್ತಾಗಿತ್ತು. ನಿನ್ ಕೈಲಿ ಆಗ್ತಿಲ್ಲ ಅಂತ ಗೊತ್ತಿದ್ದೂ ಎಳ್ದೆ. ತಪ್ಪಾಯ್ತು, ನನ್ನ ಕ್ಷಮಿಸ್ಬಿಡೇ."